ಸಾಮಾನು ಕಡಿಮೆಯಾದರೆ ಕೆಲಸವೂ ಕಡಿಮೆ: ಮನೆ ಹಗುರ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮನೆಗೆಲಸ ಮುಗಿಯುವುದೇ ಇಲ್ಲ ಎನ್ನುವವರು ಸಾಮಾನ್ಯವಾಗಿ ತಮ್ಮ ಸೋಮಾರಿತನವನ್ನೋ ಮನೆಯವರ ಸೋಮಾರಿತನವನ್ನೋ ಬೈದುಕೊಳ್ಳುತ್ತಾರೆ. ಆದರೆ ಬಹಳಷ್ಟು ಸಲ ಕಾರಣ ಮನೆಯಲ್ಲಿ ತುಂಬಿರುವ ಸಾಮಾನು. ಒಂದು ಮೇಜು ಒರೆಸುವ ಕೆಲಸವನ್ನೇ ನೋಡಿ. ಖಾಲಿ ಮೇಜಾದರೆ ಅರ್ಧ ನಿಮಿಷ ಸಾಕು. ಅದರ ಮೇಲೆ ಹದಿನೈದು ಸಾಮಾನು ಇದ್ದರೆ ಒಂದೊಂದನ್ನೂ ಎತ್ತಬೇಕು, ಅಡಿಯಲ್ಲಿ ಒರೆಸಬೇಕು, ಅದರ ಮೇಲಿನ ಧೂಳು ತೆಗೆಯಬೇಕು, ಮತ್ತೆ ಇಡಬೇಕು. ಮೇಜು ದೊಡ್ಡದಾಗಲಿಲ್ಲ, ಕೊಳೆಯೂ ಜಾಸ್ತಿಯಾಗಲಿಲ್ಲ. ಎತ್ತಿಡುವ ಕೆಲಸ ಮಾತ್ರ ಹೊಸದಾಗಿ ಸೇರಿಕೊಂಡಿತು. ಮನೆ ತುಂಬಾ ಇದೇ ಕಥೆ.

ಆದ್ದರಿಂದ ಸಾಮಾನು ಕಡಿಮೆ ಮಾಡುವುದನ್ನೂ ಕೆಲಸ ಸುಲಭ ಮಾಡುವುದನ್ನೂ ಇಲ್ಲಿ ಒಟ್ಟಿಗೇ ಹೇಳುತ್ತಿದ್ದೇನೆ. ಮನೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಎನ್ನುವುದು ಇಲ್ಲಿನ ಗುರಿಯಲ್ಲ. ದಿನಾ ಮಾಡುವ ಕೆಲಸದಲ್ಲಿ ಹುಡುಕಾಟ, ಬಗ್ಗಾಟ, ಓಡಾಟ ಕಡಿಮೆಯಾಗಬೇಕು, ಅಷ್ಟೇ.

ಮೊದಲು ನೋಡಿ, ಆಮೇಲೆ ಕೈ ಹಾಕಿ

ಎರಡು ಮೂರು ದಿನ ಏನನ್ನೂ ಸರಿಸಬೇಡಿ, ಸುಮ್ನೆ ಗಮನಿಸಿ. ಸಾಮಾನು ಎಲ್ಲೆಲ್ಲಿ ಗುಡ್ಡೆ ಬೀಳುತ್ತದೆ? ಬಾಗಿಲ ಪಕ್ಕದ ಕುರ್ಚಿ, ಊಟದ ಮೇಜಿನ ಒಂದು ಮೂಲೆ, ಮಂಚದ ಕಾಲುಗಡೆ, ಸಿಂಕಿನ ಅಂಚು. ಇಂಥ ನಾಲ್ಕೈದು ಜಾಗ ಎಲ್ಲ ಮನೆಯಲ್ಲೂ ಇರುತ್ತವೆ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಜಾಗ, ಅಲ್ಲಿ ಬೀಳುವುದು ಏನು, ಯಾವ ಹೊತ್ತಿನಲ್ಲಿ ಬೀಳುತ್ತದೆ. ಯಾರು ಹಾಕುತ್ತಾರೆ ಎಂದು ಬರೆಯುವುದು ಬೇಡ, ಅದರಿಂದ ಜಗಳ ಬಿಟ್ಟರೆ ಇನ್ನೇನೂ ಸಿಗುವುದಿಲ್ಲ. ಆ ಜಾಗಗಳ ಫೋಟೋ ತೆಗೆದಿಡಿ. ದಿನಾ ನೋಡಿ ಅಭ್ಯಾಸವಾದದ್ದು ಕಣ್ಣಿಗೆ ಬೀಳುವುದಿಲ್ಲ, ಫೋಟೋದಲ್ಲಿ ಎದ್ದು ಕಾಣುತ್ತದೆ.

ಜೊತೆಗೆ ನಿಮಗೆ ತುಂಬಾ ಬೇಜಾರು ತರಿಸುವ ಒಂದು ಕೆಲಸ ಯಾವುದು ಎಂದು ಗುರುತಿಸಿ. ಪಾತ್ರೆಯೇ? ಬಟ್ಟೆ ಮಡಚುವುದೇ? ಬೆಳಗ್ಗೆ ಹೊರಡುವಾಗಿನ ಹುಡುಕಾಟವೇ? ಆ ಕೆಲಸ ನಡೆಯುವ ಜಾಗದಿಂದಲೇ ಶುರು ಮಾಡಿ. ಎಲ್ಲರೂ ಮೊದಲು ಅಟ್ಟಕ್ಕೆ ಹತ್ತುತ್ತಾರೆ. ಅಟ್ಟ ಖಾಲಿಯಾದರೆ ಸಮಾಧಾನ ಸಿಗಬಹುದು, ಆದರೆ ನಾಳೆ ಬೆಳಗಿನ ಒಂದು ಕೆಲಸವೂ ಹಗುರವಾಗುವುದಿಲ್ಲ. ಅಟ್ಟ ಕೊನೆಗಿರಲಿ.

ಯೋಚನೆ ಬೇಡದ್ದು ಮೊದಲು

ಒಂದು ಚೀಲ ಹಿಡಿದು ಇಪ್ಪತ್ತು ನಿಮಿಷ ಮನೆ ಸುತ್ತಿ. ಬರೀ ಕಸ ಎತ್ತಿ. ಖಾಲಿ ಬಾಟಲಿ, ಬರೆಯದ ಪೆನ್ನು, ಹಳೆಯ ರಸೀದಿ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಒಂಟಿ ಕಾಲುಚೀಲ, ಸಾಮಾನು ಬಂದಿದ್ದ ರಟ್ಟಿನ ಪೆಟ್ಟಿಗೆ. ಇದರಲ್ಲಿ ಯಾವುದಕ್ಕೂ ಮನಸ್ಸು ಗಟ್ಟಿ ಮಾಡಬೇಕಿಲ್ಲ. ಆದರೆ ಜಾಗ ಬಿಡುವು ಆಗಿದ್ದು ಕೂಡಲೇ ಕಾಣುತ್ತದೆ.

ಆಮೇಲೆ ಒಂದು ಡ್ರಾಯರ್. ಇಡೀ ಕೋಣೆಯಲ್ಲ, ಒಂದೇ ಡ್ರಾಯರ್ ಅಥವಾ ಒಂದೇ ಕಪಾಟಿನ ಒಂದು ಹಲಗೆ. ಅದನ್ನು ಪೂರ್ತಿ ಖಾಲಿ ಮಾಡಿ, ಒರೆಸಿ. ಡ್ರಾಯರ್ ಒಳಗೇ ಕೈಯಾಡಿಸುತ್ತಾ ಬೇಡದ್ದನ್ನು ಹೆಕ್ಕಲು ಹೋಗಬೇಡಿ. ಹಾಗೆ ಮಾಡಿದರೆ ಹತ್ತರಲ್ಲಿ ಒಂದು ಹೊರಗೆ ಬರುತ್ತದೆ. ಎಲ್ಲವನ್ನೂ ನೆಲಕ್ಕೆ ಹಾಕಿದಾಗ ಪ್ರಶ್ನೆಯೇ ತಿರುಗಿಬಿಡುತ್ತದೆ: ಏನನ್ನು ತೆಗೆಯಲಿ ಎಂದು ಕೇಳುವ ಬದಲು ಏನನ್ನು ಒಳಗೆ ಇಡಲಿ ಎಂದು ಕೇಳಿಕೊಳ್ಳುತ್ತೀರಿ.

ಹೊರಗೆ ಬಂದದ್ದನ್ನು ವಿಂಗಡಿಸಲು ನಾಲ್ಕು ಗುಂಪು ಸಾಕು. ಇಲ್ಲೇ ಇರುವುದು, ಮನೆಯಲ್ಲಿ ಬೇರೆ ಕಡೆ ಹೋಗುವುದು, ಬೇರೆಯವರಿಗೆ ಕೊಡುವುದು, ಬಿಸಾಡುವುದು. ಎರಡನೆಯ ಗುಂಪಿನ ವಿಷಯದಲ್ಲಿ ಎಚ್ಚರ. ಕತ್ತರಿ ಇಡಲು ಪಕ್ಕದ ಕೋಣೆಗೆ ಹೋದವರು ಅಲ್ಲಿನ ಕಪಾಟು ಬಿಚ್ಚಿ ಕೂರುತ್ತಾರೆ. ಸಂಜೆಗೆ ಎರಡೂ ಕೋಣೆ ಅರ್ಧಂಬರ್ಧ. ಅದೆಲ್ಲವನ್ನೂ ಒಂದು ಬುಟ್ಟಿಗೆ ಹಾಕುತ್ತಾ ಹೋಗಿ, ಕೊನೆಗೆ ಒಂದೇ ಸಲ ಹಂಚಿ.

ಹಳೇ ಫೋಟೋ, ಪತ್ರ, ತೀರಿಕೊಂಡವರ ವಸ್ತು, ಮಕ್ಕಳ ಮೊದಲ ಚಿತ್ರಗಳು ಮಧ್ಯೆ ಸಿಕ್ಕರೆ ತೆರೆಯದೆ ಒಂದು ಪೆಟ್ಟಿಗೆಗೆ ಹಾಕಿ ಪಕ್ಕಕ್ಕಿಡಿ. ತೆರೆದರೆ ಆವತ್ತಿನ ಕೆಲಸ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ.

ಬಿಡಲು ಮನಸ್ಸು ಬಾರದವು

ಕಷ್ಟ ಇರುವುದು ಇಲ್ಲಿ. ಚೀಲ, ಪೆಟ್ಟಿಗೆ, ವೇಳಾಪಟ್ಟಿ ಯಾವುದೂ ಈ ಭಾಗವನ್ನು ಸುಲಭ ಮಾಡುವುದಿಲ್ಲ. ಯಾಕೆ ಕಷ್ಟ ಎಂದು ಗೊತ್ತಾದರೆ ಸ್ವಲ್ಪ ಸಹಾಯವಾಗುತ್ತದೆ.

ಒಂದು ವಸ್ತು ನಮ್ಮದು ಎನ್ನುವ ಒಂದೇ ಕಾರಣಕ್ಕೆ ಅದರ ಬೆಲೆ ನಮ್ಮ ಕಣ್ಣಲ್ಲಿ ಏರಿಬಿಡುತ್ತದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲೇ ಇದರ ಬಗ್ಗೆ ಬರೆದರು. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಅವರಿಗೇ. ಅಂಗಡಿಯಲ್ಲಿ ನೋಡಿದ್ದರೆ ಕೈಗೂ ಎತ್ತಿಕೊಳ್ಳದ ಹೂದಾನಿಯನ್ನು ಮನೆಯಲ್ಲಿದೆ ಎಂದು ಬಿಡುವುದಿಲ್ಲ, ಅಲ್ವಾ? ಅದಕ್ಕೆ ಒಳ್ಳೆಯ ಪ್ರಶ್ನೆ ಇದು: ಈ ವಸ್ತು ನನ್ನ ಹತ್ತಿರ ಇಲ್ಲದೇ ಹೋಗಿದ್ದರೆ, ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನಾ? ಇಲ್ಲ ಎಂದಾದರೆ ಅದು ಕೂತಿರುವುದು ಬರೀ ಅಭ್ಯಾಸಬಲದಿಂದ.

‘ತುಂಬಾ ದುಡ್ಡು ಕೊಟ್ಟಿದ್ದೇನೆ’ ಎನ್ನುವುದು ಇನ್ನೊಂದು. ಆ ದುಡ್ಡು ಕೊಂಡ ದಿನವೇ ಹೋಯಿತು. ವಸ್ತುವನ್ನು ಹತ್ತು ವರ್ಷ ಇಟ್ಟುಕೊಂಡರೂ ವಾಪಸ್ ಬರುವುದಿಲ್ಲ. ಬದಲಿಗೆ ಅದಕ್ಕೆ ಜಾಗ ಕೊಡಬೇಕು, ಧೂಳು ಹೊಡೆಯಬೇಕು, ಮನೆ ಬದಲಿಸುವಾಗ ಹೊತ್ತುಕೊಂಡು ಹೋಗಬೇಕು. ಮಾರಲು ಬರುವಂತಿದ್ದರೆ ಈ ವಾರವೇ ಮಾರಿ. ಒಳ್ಳೆಯ ಬೆಲೆಗೆ ಕಾಯುತ್ತಾ ಕೂತ ಸಾಮಾನು ಹಳೆಯದಾಗುತ್ತದೆ, ಬೆಲೆ ಇಳಿಯುತ್ತಲೇ ಹೋಗುತ್ತದೆ.

‘ಯಾವತ್ತಾದರೂ ಬೇಕಾಗುತ್ತೆ’ ಎನ್ನುವ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೆಲವು ಸಲ ನಿಜವಾಗಿಯೂ ಬೇಕಾಗುತ್ತದೆ. ಬೇಕಾದಾಗ ಸುಲಭವಾಗಿ ಸಿಗುತ್ತದಾ, ಎರವಲು ತರಬಹುದಾ ಎಂದು ಕೇಳಿಕೊಳ್ಳಿ. ಸಿಗುವಂಥದ್ದಾದರೆ ಬಿಡಿ. ಸಿಗುವುದು ಕಷ್ಟ, ದುಬಾರಿ, ಜಾಗವೂ ಜಾಸ್ತಿ ತಿನ್ನುವುದಿಲ್ಲ ಎಂದರೆ ಧಾರಾಳವಾಗಿ ಇಟ್ಟುಕೊಳ್ಳಿ. ಎಲ್ಲವನ್ನೂ ಎಸೆಯಬೇಕು ಎಂದು ಹಟ ಹಿಡಿದವರು ಮೂರು ತಿಂಗಳಲ್ಲಿ ಅದನ್ನೇ ಮತ್ತೆ ಕೊಂಡು ತರುತ್ತಾರೆ.

ಉಡುಗೊರೆ ಎಂದ ಮೇಲೆ ಕೊಟ್ಟವರ ಪ್ರೀತಿ ಕೊಟ್ಟ ದಿನವೇ ನಿಮಗೆ ಸಿಕ್ಕಿದೆ. ವಸ್ತು ಬೇರೆಯವರಿಗೆ ಉಪಯೋಗವಾದರೆ ಅದರಲ್ಲಿ ಅವಮಾನವೇನೂ ಇಲ್ಲ. ಇನ್ನು ಮಾಡಬೇಕು ಎಂದುಕೊಂಡು ನಿಂತುಹೋದ ಹವ್ಯಾಸದ ಸಾಮಾನು: ಅರ್ಧ ಹೆಣೆದ ಉಲ್ಲನ್, ತಂತಿ ಕಿತ್ತ ಗಿಟಾರ್, ಬಣ್ಣದ ಪೆಟ್ಟಿಗೆ. ಇವನ್ನು ನೋಡಿದಾಗಲೆಲ್ಲ ಮನಸ್ಸಿಗೆ ಸ್ವಲ್ಪ ಚುಚ್ಚುತ್ತದೆ. ಒಂದು ದಿನ ಗೊತ್ತುಮಾಡಿ, ಅಷ್ಟರೊಳಗೆ ಶುರುವಾಗದಿದ್ದರೆ ಕಲಿಯುತ್ತಿರುವ ಯಾರಿಗಾದರೂ ಕೊಡಿ.

ಎಷ್ಟು ಯೋಚಿಸಿದರೂ ತೀರ್ಮಾನ ಆಗದ್ದನ್ನು ಒಂದು ಪೆಟ್ಟಿಗೆಗೆ ಹಾಕಿ, ಟೇಪು ಅಂಟಿಸಿ, ಮೇಲೆ ಆರು ತಿಂಗಳ ನಂತರದ ತಾರೀಕು ಬರೆಯಿರಿ. ಆ ದಿನದವರೆಗೆ ಪೆಟ್ಟಿಗೆ ತೆರೆಯುವ ಅಗತ್ಯವೇ ಬರದಿದ್ದರೆ ಉತ್ತರ ಸಿಕ್ಕಂತೆ. ದಾಖಲೆಪತ್ರಗಳನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಗುರುತಿನ ಪತ್ರ, ಆಸ್ತಿ ಕಾಗದ, ಓದಿನ ಸರ್ಟಿಫಿಕೇಟ್, ವಿಮೆ, ಚಿಕಿತ್ಸೆಯ ದಾಖಲೆ, ತೆರಿಗೆ ಕಾಗದ ಎಲ್ಲಕ್ಕೂ ಒಂದೇ ಫೈಲು, ಒಂದೇ ಜಾಗ. ಮನೆಯ ಇನ್ನೊಬ್ಬರಿಗೂ ಆ ಜಾಗ ಗೊತ್ತಿರಬೇಕು.

ಒಂದು ಕಟ್ಟುನಿಟ್ಟಿನ ಮಾತು. ಬೇರೆಯವರ ಸಾಮಾನನ್ನು ಅವರಿಗೆ ಹೇಳದೆ ಬಿಸಾಡಬೇಡಿ. ಗಂಡನದ್ದಾಗಲಿ, ಹೆಂಡತಿಯದ್ದಾಗಲಿ, ಎಂಟು ವರ್ಷದ ಮಗುವಿನದ್ದಾಗಲಿ. ಒಂದು ಸಲ ಹಾಗಾದರೆ ಅವರು ಆಮೇಲೆ ಎಲ್ಲವನ್ನೂ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನಿಮ್ಮ ಕಪಾಟು ಹಗುರವಾದದ್ದು ನೋಡಿ ಅವರಿಗೇ ಮನಸ್ಸು ಬರಲಿ.

ಜಾಗ ಗೊತ್ತುಮಾಡುವುದು

ಸಾಮಾನು ಕಡಿಮೆಯಾದ ಮೇಲೆ ಜೋಡಿಸಬೇಕು, ಮೊದಲೇ ಅಲ್ಲ. ಕೆಲಸದ ಜಾಗವನ್ನು ಅಚ್ಚುಕಟ್ಟಾಗಿ ಇಡಲು ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದ 5ಎಸ್ ಪದ್ಧತಿಯಲ್ಲೂ ಮೊದಲ ಹೆಜ್ಜೆ ಬೇಡದ್ದನ್ನು ತೆಗೆಯುವುದು. ಉಳಿದದ್ದಕ್ಕೆ ಜಾಗ ಕೊಡುವುದು ಎರಡನೆಯದು. ಮನೆಗಳಲ್ಲಿ ನಾವು ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಮೊದಲು ಅಂದವಾದ ಡಬ್ಬಿ, ಬುಟ್ಟಿ ತರುತ್ತೇವೆ, ಬೇಡದ್ದನ್ನೆಲ್ಲ ಅದರಲ್ಲಿ ಚೆನ್ನಾಗಿ ಜೋಡಿಸಿಡುತ್ತೇವೆ. ಹೊಸ ಡಬ್ಬಿ ಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಬಹಳಷ್ಟು ಸಲ ಕೊಳ್ಳುವುದೇ ಬೇಕಾಗುವುದಿಲ್ಲ.

ಕಡಿಮೆ ಹೆಜ್ಜೆಯಲ್ಲಿ ಕೆಲಸ ಮುಗಿಯಬೇಕು ಎಂಬ ಯೋಚನೆ ಹಳೆಯದು. ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ವಸತಿಗಳಿಗಾಗಿ ಒಂದು ಅಡುಗೆಮನೆ ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ, ಅಷ್ಟೇ. ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಕೋಣೆ ಅವರಿಗೆ ಮಾದರಿಯಾಗಿತ್ತು. ಕೆಲಸ ಮಾಡುವವರ ನಡೆದಾಟವನ್ನು ಲೆಕ್ಕ ಹಾಕಿ ಸಿಂಕು, ಒಲೆ, ಕಪಾಟುಗಳ ಜಾಗ ಗೊತ್ತುಮಾಡಿದ್ದರು. ಅಂಥ ಅಡುಗೆಮನೆಗಳು 10,000ದಷ್ಟು ಕಟ್ಟಲ್ಪಟ್ಟವು. ನಿಮ್ಮ ಮನೆಯ ಗೋಡೆ ಒಡೆಯಬೇಕಿಲ್ಲ. ಅವರು ಎಣಿಸಿದ ಹೆಜ್ಜೆಗಳನ್ನು ನೀವೂ ಒಂದು ದಿನ ಎಣಿಸಿ ನೋಡಿ, ಯಾವ ಡಬ್ಬಿ ತಪ್ಪು ಜಾಗದಲ್ಲಿದೆ ಎಂದು ತಿಳಿದುಬಿಡುತ್ತದೆ.

ದಿನಾ ಬಳಸುವುದು ಸೊಂಟದಿಂದ ಭುಜದ ಎತ್ತರದೊಳಗೆ ಇರಲಿ. ವಾರಕ್ಕೊಮ್ಮೆ ಬೇಕಾಗುವುದು ಅದಕ್ಕಿಂತ ಕೆಳಗೆ. ವರ್ಷಕ್ಕೊಮ್ಮೆ ಬೇಕಾಗುವುದು ಮೇಲೆ, ಅದೂ ಹಗುರವಾಗಿದ್ದರೆ ಮಾತ್ರ. ಭಾರದ ಸಾಮಾನು ತಲೆಗಿಂತ ಎತ್ತರದಲ್ಲಿ ಬೇಡವೇ ಬೇಡ. ಮಕ್ಕಳಿರುವ ಮನೆಯಲ್ಲಿ ಉದ್ದನೆಯ ಕಪಾಟನ್ನು ಗೋಡೆಗೆ ಭದ್ರಪಡಿಸಿ. ಡ್ರಾಯರ್‌ಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ ಕಪಾಟು ಮೈಮೇಲೆ ಬಿದ್ದು ಮಕ್ಕಳು ಸತ್ತ ಉದಾಹರಣೆಗಳಿವೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ವಸ್ತುವನ್ನು ಒಂದೇ ಕೈಯಲ್ಲಿ ವಾಪಸ್ ಇಡಲು ಬರುತ್ತದಾ ನೋಡಿ. ಕಪಾಟಿನ ಬಾಗಿಲು ತೆಗೆದು, ಮೇಲಿನ ಪೆಟ್ಟಿಗೆ ಇಳಿಸಿ, ಮುಚ್ಚಳ ತೆರೆದು ಇಡಬೇಕಾದ ವಸ್ತು ಯಾವತ್ತೂ ಅಲ್ಲಿಗೆ ಹೋಗುವುದಿಲ್ಲ. ತೆಗೆಯುವಾಗ ಬೇಕು ಎಂಬ ಒತ್ತಡ ಇರುತ್ತದೆ, ಎಷ್ಟು ಕಷ್ಟವಾದರೂ ತೆಗೆಯುತ್ತೇವೆ. ಇಡುವಾಗ ಆ ಒತ್ತಡ ಇರುವುದಿಲ್ಲ. ಹಾಗಾಗಿ ತೆಗೆಯುವುದಕ್ಕಿಂತ ಇಡುವುದು ಸುಲಭವಾಗಿರಬೇಕು. ಮುಚ್ಚಳ ತೆಗೆದುಹಾಕಿ. ಕೊಕ್ಕೆ ಹೊಡೆಯಿರಿ. ಒಂದರ ಮೇಲೊಂದು ಪೇರಿಸಿದ್ದನ್ನು ಪಕ್ಕಪಕ್ಕ ನಿಲ್ಲಿಸಿ.

ಈಗ ಮೊದಲು ಬರೆದ ಚೀಟಿ ಹೊರತೆಗೆಯಿರಿ. ಬಾಗಿಲ ಪಕ್ಕದ ಕುರ್ಚಿಯ ಮೇಲೆ ದಿನಾ ಚೀಲ, ಬೀಗದ ಕೈ, ಜಾಕೆಟ್ ಬೀಳುತ್ತವೆ ಎಂದರೆ ಅವುಗಳ ಜಾಗ ಅಲ್ಲೇ. ಕುರ್ಚಿ ತೆಗೆದು ಅಲ್ಲಿ ಮೂರು ಕೊಕ್ಕೆ, ಒಂದು ಚಿಕ್ಕ ತಟ್ಟೆ ಇಡಿ. ಅರ್ಧ ಹಾಕಿದ, ಇನ್ನೂ ತೊಳೆಯಬೇಕಿಲ್ಲದ ಬಟ್ಟೆ ಮಂಚದ ಮೇಲೆ ಬೀಳುತ್ತಿದ್ದರೆ ಅದಕ್ಕೆಂದೇ ಮಂಚದ ಪಕ್ಕ ಒಂದು ಗೂಟ ಇರಲಿ. ಜನರ ಅಭ್ಯಾಸ ಬದಲಿಸಲು ವರ್ಷಗಟ್ಟಲೆ ಬೇಕು, ಕೊಕ್ಕೆ ಹೊಡೆಯಲು ಹತ್ತು ನಿಮಿಷ. ಕತ್ತರಿಯಂಥ ಅಗ್ಗದ ವಸ್ತು ಎರಡು ಕಡೆ ಬೇಕಾಗುತ್ತಿದ್ದರೆ ಎರಡು ಇಟ್ಟುಕೊಳ್ಳಿ. ಸಾಮಾನು ಕಡಿಮೆ ಮಾಡಲು ಹೊರಟವರು ಇನ್ನೊಂದು ಕತ್ತರಿ ತರುವುದು ವಿಚಿತ್ರ ಅನಿಸಬಹುದು, ಆದರೆ ಉಳಿಯುವ ಓಡಾಟ ನೋಡಿದರೆ ಲೆಕ್ಕ ಸರಿಯಾಗುತ್ತದೆ.

ಡಬ್ಬಿ, ಬುಟ್ಟಿಗಳನ್ನು ಮಿತಿ ಎಂದು ತಿಳಿಯಿರಿ. ಬಟ್ಟೆ ಚೀಲಗಳಿಗೆ ಈ ಬುಟ್ಟಿ, ಆಟಿಕೆಗೆ ಆ ಪೆಟ್ಟಿಗೆ. ತುಂಬಿತು ಎಂದರೆ ಹೊಸದು ಬರುವ ಮೊದಲು ಹಳೆಯದು ಹೋಗಬೇಕು. ಪ್ರತಿ ವಸ್ತುವಿನ ಬಗ್ಗೆ ವಾದ ಮಾಡುವುದು ತಪ್ಪುತ್ತದೆ.

ಮನೆಯಿಂದ ಹೊರಗೆ

ವಿಂಗಡಿಸಿದ ಚೀಲಗಳು ಬಾಗಿಲ ಬಳಿ ಒಂದು ತಿಂಗಳು ಕೂತರೆ ಅವೂ ಹೊಸ ಗುಡ್ಡೆಯೇ. ಕೊಡಲು ಒಂದು ದಿನ ಮೊದಲೇ ಗೊತ್ತುಮಾಡಿಕೊಳ್ಳಿ. ಹರಿದದ್ದು, ಕಲೆಯಾದದ್ದನ್ನು ದಾನದ ಚೀಲಕ್ಕೆ ಹಾಕಬೇಡಿ, ಅದು ನಿಮ್ಮ ಕಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತೆ. ಹಳೆಯ ಹತ್ತಿ ಬಟ್ಟೆ ಒರೆಸಲು ಒಳ್ಳೆಯದು, ಆದರೆ ಎಂಟು ಹತ್ತು ತುಂಡು ಸಾಕು.

ಹಳೇ ಫೋನು, ಕಂಪ್ಯೂಟರ್ ಕೊಡುವ ಮೊದಲು ಬೇಕಾದ್ದನ್ನು ನಕಲು ಮಾಡಿಕೊಂಡು, ಖಾತೆಗಳಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯ ಕಸಕ್ಕೆ ಹಾಕಬಾರದು, ಜಜ್ಜಿಹೋದರೆ ಬೆಂಕಿ ಹತ್ತಿಕೊಳ್ಳಬಹುದು. ಅದರ ತುದಿಗಳಿಗೆ ಟೇಪು ಅಂಟಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಗುಂಡಿಯಂಥ ಸಣ್ಣ ಬ್ಯಾಟರಿ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ 2 ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅವಧಿ ಮುಗಿದ ಔಷಧಿಯನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ನೀವಿರುವ ಕಡೆ ಇದ್ದರೆ ಅಲ್ಲಿಗೇ ತಲುಪಿಸಿ.

ಇನ್ನು ದಿನದ ಕೆಲಸ

ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಕೆಲಸ ಹಗುರವಾಗಿರುತ್ತದೆ. ಉಳಿದದ್ದಕ್ಕೆ ಕ್ರಮ ಮುಖ್ಯ. ಮೇಲಿನಿಂದ ಕೆಳಗೆ, ಒಣಗಿದ್ದರಿಂದ ಒದ್ದೆಗೆ. ಮೊದಲು ಫ್ಯಾನು, ಕಪಾಟಿನ ತಲೆ, ಆಮೇಲೆ ಮೇಜು, ಕೊನೆಗೆ ನೆಲ ಗುಡಿಸಿ ಒರೆಸುವುದು. ನೆಲ ಒರೆಸಿದ ಮೇಲೆ ಫ್ಯಾನಿಗೆ ಕೈ ಹಾಕಿದರೆ ಎರಡು ಸಲ ದುಡಿಯಬೇಕು. ಧೂಳಿಗೆ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆ ಒಳ್ಳೆಯದು. ಒಣಬಟ್ಟೆಯಿಂದ ಜೋರಾಗಿ ಹೊಡೆದರೆ ಧೂಳು ಗಾಳಿಗೆ ಹಾರಿ ಅಲ್ಲೇ ಮತ್ತೆ ಕೂರುತ್ತದೆ. ಮೈಕ್ರೋಫೈಬರ್ ಬಟ್ಟೆ ಬಳಸುವವರು ಅದನ್ನು ತೊಳೆಯುವಾಗ ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ. ಎಳೆಗಳ ಮೇಲೆ ಪದರ ಕೂತು ಅದು ಕೊಳೆ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ.

ಉಜ್ಜುವ ಬದಲು ನೆನೆಸಿ. ತಳ ಹಿಡಿದ ಪಾತ್ರೆಗೆ ನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ ಕುದಿಸಿ ಬಿಟ್ಟರೆ ಕರಕಲು ತಾನಾಗಿ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಇದು ಬೇಡ, ಕಪ್ಪಾಗುತ್ತದೆ. ನಲ್ಲಿ, ಶವರ್ ಮೇಲಿನ ಬಿಳಿ ಕಲೆ ಗಡಸು ನೀರಿನ ಸುಣ್ಣ. ಸೋಪಿಗೆ ಅದು ಜಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಅಮೃತಶಿಲೆಯ ಮೇಲೆ ಮಾತ್ರ ಹುಳಿ ಬೀಳಬಾರದು. ಆ ಕಲ್ಲೂ ಸುಣ್ಣದ ಜಾತಿಯದ್ದೇ, ಹೊಳಪು ಹೋಗಿಬಿಡುತ್ತದೆ. ವಿನೆಗರ್ ಮತ್ತು ಸೋಡಾ ಬೆರೆಸಿ ಬಾಟಲಿಯಲ್ಲಿ ಇಟ್ಟುಕೊಳ್ಳಿ ಎನ್ನುವ ಸಲಹೆ ಎಲ್ಲೆಡೆ ಕಾಣುತ್ತದೆ. ಒಂದು ಆಮ್ಲ, ಒಂದು ಕ್ಷಾರ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಒಂದು ಬಗೆಯ ಲವಣ ಕರಗಿದ ನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ.

ಬ್ಲೀಚ್ ವಿಷಯದಲ್ಲಿ ಹುಡುಗಾಟ ಬೇಡ. ಅದನ್ನು ನೀರಿನ ಜೊತೆ ಬಿಟ್ಟು ಯಾವುದರ ಜೊತೆಗೂ ಬೆರೆಸಬೇಡಿ. ವಿನೆಗರ್, ಆಮ್ಲ ಇರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ಅಪಾಯ. ಮನೆಯಲ್ಲಿ ಹತ್ತು ಬಗೆಯ ಬಾಟಲಿ ಇಟ್ಟುಕೊಳ್ಳುವುದರ ಬದಲು ಪಾತ್ರೆ ಸೋಪು, ಒಂದು ಆಮ್ಲ, ಅಡುಗೆ ಸೋಡಾ, ಒಂದು ಸೋಂಕುನಾಶಕ ಇಟ್ಟುಕೊಂಡರೆ ಹೆಚ್ಚಿನ ಕೆಲಸ ಸಾಗುತ್ತದೆ. ಸೋಂಕುನಾಶಕವನ್ನು ಸಿಂಪಡಿಸಿದ ಕೂಡಲೇ ಒರೆಸಿದರೆ ಪ್ರಯೋಜನ ಕಡಿಮೆ. ಎಷ್ಟು ಹೊತ್ತು ಒದ್ದೆಯಾಗಿರಬೇಕು ಎಂದು ಲೇಬಲ್ ಮೇಲೆ ಬರೆದಿರುತ್ತಾರೆ, ಓದಿ.

ಬಟ್ಟೆಯ ಕೆಲಸದಲ್ಲಿ ಹೊತ್ತು ತಿನ್ನುವುದು ಮಡಚುವುದು. ಒಳಉಡುಪು, ಕಾಲುಚೀಲ, ರಾತ್ರಿ ಹಾಕುವ ಬಟ್ಟೆಗಳನ್ನು ಮಡಚಲೇಬೇಕೆಂದಿಲ್ಲ, ಒಂದೊಂದು ಬುಟ್ಟಿಗೆ ಹಾಕಿದರಾಯಿತು. ಯಾರೂ ನೋಡುವುದಿಲ್ಲ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬುಟ್ಟಿ ಇದ್ದರೆ ಒಗೆದ ಮೇಲೆ ವಿಂಗಡಿಸುವ ಕೆಲಸವೇ ಇಲ್ಲ. ಯಂತ್ರವನ್ನು ತುರುಕಿ ತುಂಬಬೇಡಿ, ಬಟ್ಟೆ ಹೊರಳಾಡಲು ಜಾಗ ಬೇಕು. ಪುಡಿ ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಶುಭ್ರವಾಗುವುದಿಲ್ಲ, ಜಾಲಿಸಿದರೂ ಹೋಗದೆ ಅಂಟಿಕೊಳ್ಳುತ್ತದೆ. ಧೂಳಿನ ಅಲರ್ಜಿ ಇರುವವರ ಹಾಸಿಗೆ ಬಟ್ಟೆಗೆ, ಲೇಬಲ್ ಒಪ್ಪಿದರೆ, 60 ಡಿಗ್ರಿ ಸೆಲ್ಸಿಯಸ್ ನೀರು ಒಳ್ಳೆಯದು. ಆ ಬಿಸಿಗೆ ಧೂಳಿನ ನುಸಿ ಸಾಯುತ್ತದೆ.

ಫ್ರಿಜ್ 4 ಡಿಗ್ರಿಗಿಂತ ಬಿಸಿಯಾಗಬಾರದು. ಗಾಳಿ ಓಡಾಡದಷ್ಟು ತುರುಕಿದರೆ ತಂಪು ಎಲ್ಲ ಕಡೆಗೂ ತಲುಪುವುದಿಲ್ಲ. ಮೊದಲು ಮುಗಿಸಬೇಕಾದ್ದನ್ನು ಕಣ್ಣಿನ ಎತ್ತರದಲ್ಲಿ ಮುಂದೆ ಇಡಿ.

ಕೆಲಸ ಹಂಚುವಾಗ ತುಂಡು ತುಂಡು ಮಾಡಿ ಕೊಡಬೇಡಿ. ‘ಕಸದ ಚೀಲ ಹೊರಗಿಡು’ ಎಂದು ದಿನಾ ಹೇಳಬೇಕಾದರೆ ನೆನಪಿಟ್ಟುಕೊಳ್ಳುವ ಕೆಲಸ ನಿಮ್ಮದೇ ಆಗಿ ಉಳಿಯಿತಲ್ಲ. ಕಸದ ಜವಾಬ್ದಾರಿ ಪೂರ್ತಿ ಅವರದು: ತುಂಬಿದ್ದು ನೋಡುವುದು, ಹೊರಗಿಡುವುದು, ಹೊಸ ಚೀಲ ಹಾಕುವುದು, ಚೀಲ ಮುಗಿಯುತ್ತಾ ಬಂದರೆ ತರುವುದು. ಅವರು ಮಾಡುವ ರೀತಿ ನಿಮ್ಮ ರೀತಿಯಂತೆ ಇರುವುದಿಲ್ಲ, ಇರಲಿ ಬಿಡಿ. ಹಿಂದಿನಿಂದ ಹೋಗಿ ಸರಿಮಾಡಿದರೆ ಆ ಕೆಲಸ ಮತ್ತೆ ನಿಮ್ಮ ಹತ್ತಿರವೇ ಬರುತ್ತದೆ. ಓದಲು ಬಾರದ ಮಕ್ಕಳಿಗೆ ಆಟಿಕೆ ಪೆಟ್ಟಿಗೆಯ ಮೇಲೆ ಚಿತ್ರ ಅಂಟಿಸಿ.

ಮತ್ತೆ ತುಂಬದಿರಲು

ಒಳಗೆ ಬರುವ ದಾರಿ ನೋಡಿಕೊಳ್ಳದೆ ಹೊರಗೆ ಹಾಕುತ್ತಿದ್ದರೆ, ನಲ್ಲಿ ತೆರೆದಿಟ್ಟು ನೆಲ ಒರೆಸಿದಂತೆ. ಕಾಗದವನ್ನು ಬಾಗಿಲಲ್ಲೇ ವಿಂಗಡಿಸಿ, ಬೇಡದ ಜಾಹೀರಾತು ಮೇಜಿನವರೆಗೂ ಬರುವುದು ಬೇಡ. ಬಿಲ್ಲುಗಳನ್ನು ಫೋನಿಗೇ ಬರುವಂತೆ ಮಾಡಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಇಷ್ಟವಾದದ್ದನ್ನು ಕಾರ್ಟ್‌ಗೆ ಹಾಕಿ ಒಂದು ವಾರ ಬಿಡಿ. ಖರೀದಿ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ. ಉಚಿತ ಎಂದು ಕೈಗೆ ಕೊಟ್ಟ ಚೀಲ, ಪೆನ್ನು, ಮಗ್ಗುಗಳನ್ನು ಬೇಡ ಎನ್ನುವುದು ಕಲಿತರೆ ಅರ್ಧ ಡ್ರಾಯರ್ ಉಳಿಯುತ್ತದೆ.

ರಾತ್ರಿ ಮಲಗುವ ಮೊದಲು ಹತ್ತು ನಿಮಿಷ, ಎಲ್ಲರೂ ಒಟ್ಟಿಗೆ. ಸಿಂಕು ಖಾಲಿ, ಮೇಜು ಖಾಲಿ, ನೆಲದ ಮೇಲಿನದ್ದು ಅದರದರ ಜಾಗಕ್ಕೆ. ಹತ್ತು ನಿಮಿಷವಾದ ಕೂಡಲೇ ನಿಲ್ಲಿಸಿ, ಮುಗಿಯದಿದ್ದರೂ ಸರಿ. ವಾರಗಟ್ಟಲೆ ಹತ್ತು ನಿಮಿಷ ಸಾಲುತ್ತಲೇ ಇಲ್ಲ ಎಂದಾದರೆ ಸಾಮಾನು ಇನ್ನೂ ಜಾಸ್ತಿ ಇದೆ, ಇಲ್ಲವೇ ಯಾವುದೋ ವಸ್ತುವಿನ ಜಾಗ ದೂರವಿದೆ. ಯಾವುದು ಎಂದು ಆ ರಾತ್ರಿಯೇ ಗುರುತು ಹಾಕಿಕೊಂಡು, ಭಾನುವಾರ ಆ ಒಂದು ಹಲಗೆಯನ್ನು ಮತ್ತೆ ನೆಲಕ್ಕಿಳಿಸಿ.